ಹಿಂದಿನ ಸಾಲಿನ ಆಟಗಾರ

ಪ್ರಶ್ನೆ: ನನಗೆ 18 ವರ್ಷ, ಎತ್ತರ 175 ಸೆಂಟಿಮೀಟರ್. ಆರು ವರ್ಷಗಳಿಂದ ಅಟ್ಯಾಕರ್ ಆಗಿ ವಾಲಿಬಾಲ್ ಆಡುತ್ತಿದ್ದೇನೆ. ಇದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ. ಆದರೆ ತರಬೇತುದಾರರು ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಷ್ಟೇ ಆಡಿ ಚೆಂಡು ನೆಲಕ್ಕೆ ಬೀಳದಂತೆ ಕಾಯುವ ಆಟಗಾರ, ಆಗಲು ಹೇಳುತ್ತಿದ್ದಾರೆ. ಅಂಕ ಗಳಿಸದ ಆಟಗಾರನಿಗೆ ವೃತ್ತಿಪರ ಕ್ಲಬ್‌ಗಳಲ್ಲಿ ಬೆಲೆ ಇದೆಯೇ? ಅಂಥ ವೃತ್ತಿ ಎಷ್ಟು ಕಾಲ ನಡೆದೀತು? ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಏನನ್ನು ಗಮನಿಸಬೇಕು?

ಉತ್ತರ: ಅಟ್ಯಾಕರ್ ಆಗಿ ಬೆಳೆದವರಿಗೆ ಈ ಸಲಹೆ ನೋವುಂಟುಮಾಡುವುದು ಸಹಜ. ಆದರೂ ನಿಮ್ಮ ತರಬೇತುದಾರರ ಎಣಿಕೆ ಸರಿಯೆಂದೇ ನನಗೆ ತೋರುತ್ತದೆ. ಪುರುಷರ ಆಟದಲ್ಲಿ ಬಲೆಯ ಎತ್ತರ 2.43 ಮೀಟರ್, ಅಗ್ರ ಲೀಗ್‌ಗಳ ಅಟ್ಯಾಕರ್‌ಗಳು ಮೂರೂಕಾಲು ಮೀಟರಿಗೂ ಮೇಲೆ ಚೆಂಡನ್ನು ಹೊಡೆಯುತ್ತಾರೆ. ನಿಮ್ಮ ಎತ್ತರದಿಂದ ಅಲ್ಲಿಗೆ ತಲುಪಲು ಅಸಾಧಾರಣ ಜಿಗಿತ ಬೇಕು, ಆ ಜಿಗಿತವನ್ನು ವರ್ಷಗಟ್ಟಲೆ, ಪ್ರತಿದಿನದ ಅಭ್ಯಾಸದಲ್ಲೂ ಉಳಿಸಿಕೊಳ್ಳಬೇಕು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆದು ನೋಯುವುದು ಈ ಆಟದಲ್ಲಿ ಎಷ್ಟು ಸಾಮಾನ್ಯವೆಂದರೆ, ಅದಕ್ಕೆ ‘ಜಿಗಿತಗಾರನ ಮಂಡಿ’ ಎಂದೇ ಹೆಸರು ಬಿದ್ದಿದೆ.

ಲಿಬೆರೊ ಸ್ಥಾನ ಅಂತರರಾಷ್ಟ್ರೀಯ ಆಟಕ್ಕೆ ಬಂದದ್ದು 1998ರಲ್ಲಿ. ಈ ಆಟಗಾರ ಬ್ಲಾಕ್ ಮಾಡುವಂತಿಲ್ಲ, ಅಂದರೆ ಬಲೆಯ ಬಳಿ ಜಿಗಿದು ಎದುರಾಳಿಯ ಹೊಡೆತವನ್ನು ತಡೆಯುವಂತಿಲ್ಲ; ಬಲೆಗಿಂತ ಮೇಲಿರುವ ಚೆಂಡನ್ನು ಎದುರಾಳಿಯ ಅಂಕಣಕ್ಕೆ ಹೊಡೆಯುವಂತಿಲ್ಲ. ಆದರೆ ಈಗಿನ ನಿಯಮದಲ್ಲಿ ಪ್ರತಿ ರ‍್ಯಾಲಿಗೂ ಯಾವುದಾದರೊಂದು ತಂಡಕ್ಕೆ ಅಂಕ ಸಿಗುವುದರಿಂದ, ಸರ್ವ್ ಅನ್ನು ಸರಿಯಾಗಿ ತೆಗೆದುಕೊಳ್ಳದಿದ್ದರೆ ಅಲ್ಲೇ ಅಂಕ ಹೋಗುತ್ತದೆ. ಮೊದಲ ಪಾಸ್ ನೆಟ್ಟಗೆ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ನ ಕೈಗೆ ಬಂದಾಗ ಮಾತ್ರ ಅವನು ನಡುವಿನಿಂದಲೂ ಎರಡೂ ಅಂಚುಗಳಿಂದಲೂ ದಾಳಿ ಕಟ್ಟಬಲ್ಲ. ಪಾಸ್ ಕೆಟ್ಟರೆ ಚೆಂಡು ಎಲ್ಲಿಗೆ ಹೋಗುತ್ತದೆಂಬುದು ಎದುರಾಳಿ ಬ್ಲಾಕರ್‌ಗಳಿಗೂ ಮೊದಲೇ ತಿಳಿದುಬಿಡುತ್ತದೆ. ಅಟ್ಯಾಕರ್ ಗಳಿಸುವ ಎಷ್ಟೋ ಅಂಕಗಳು ಹುಟ್ಟುವುದು ಲಿಬೆರೊನ ಮುಂಗೈಯಲ್ಲಿ.

ವೃತ್ತಿಯ ಅವಧಿಯ ಬಗ್ಗೆ ಹೇಳುವುದಾದರೆ, ಬ್ರೆಜಿಲ್‌ನ ಲಿಬೆರೊ ಸೆರ್ಜಿಯೊ ಸಾಂಟೊಸ್ 2004ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, 2008 ಮತ್ತು 2012ರಲ್ಲಿ ಬೆಳ್ಳಿ ಪಡೆದರು, 2016ರಲ್ಲಿ ತಮ್ಮ 40ನೆಯ ವಯಸ್ಸಿನಲ್ಲಿ ಮತ್ತೆ ಚಿನ್ನ ಗೆದ್ದು ಆ ಕೂಟದ ಅತ್ಯುತ್ತಮ ಆಟಗಾರರೂ ಆದರು. ಎಲ್ಲರಿಗೂ ಅಷ್ಟು ದೀರ್ಘ ಕಾಲ ದಕ್ಕುವುದಿಲ್ಲ; ಆದರೆ ಜಿಗಿತದ ಹೊರೆ ಕಡಿಮೆಯಿರುವ ಲಿಬೆರೊಗೆ ಅಟ್ಯಾಕರ್‌ಗಿಂತ ಹೆಚ್ಚು ಅವಕಾಶವಿದೆ.

ಒಂದು ಕಷ್ಟವನ್ನು ಮುಚ್ಚಿಡಲಾರೆ. ತಂಡವೊಂದಕ್ಕೆ ಒಬ್ಬಿಬ್ಬರು ಲಿಬೆರೊಗಳು ಸಾಕು. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿರುವ ಲೀಗ್‌ಗಳಲ್ಲಿ ಕ್ಲಬ್‌ಗಳು ಆ ಸ್ಥಾನಗಳನ್ನು ಹೆಚ್ಚಾಗಿ ಅಂಕ ಗಳಿಸುವವರಿಗೇ ಮೀಸಲಿಡುತ್ತವೆ. ಆದ್ದರಿಂದ ಮೊದಲು ನಿಮ್ಮ ದೇಶದ ಲೀಗ್‌ನಲ್ಲೇ ನೆಲೆಯೂರುವ ಯೋಚನೆ ಮಾಡಿ, ಓದನ್ನೂ ಬಿಡಬೇಡಿ.

ಒಪ್ಪಂದಗಳು ಸಾಮಾನ್ಯವಾಗಿ ಒಂದೆರಡು ಋತುಗಳಿಗಷ್ಟೇ ಇರುತ್ತವೆ. ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು, ಆಡದ ತಿಂಗಳುಗಳಲ್ಲೂ ಸಂಬಳ ಬರುತ್ತದೆಯೇ, ಏಜೆಂಟರ ಪಾಲೆಷ್ಟು ಎಂಬುದು ಬರಹದಲ್ಲಿರಲಿ. ಬೇರೆ ದೇಶದ ಕ್ಲಬ್ ಸೇರುವಾಗ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರವೂ ಅಗತ್ಯ.

ತೀರ್ಮಾನಕ್ಕೆ ಅವಸರ ಬೇಡ. ಈ ಒಂದು ಋತು ಜಂಪ್ ಸರ್ವ್‌ಗಳನ್ನು ತೆಗೆದುಕೊಳ್ಳುವ ಅಭ್ಯಾಸ ಮಾಡಿ. ನೂರು ಸರ್ವ್‌ಗಳಲ್ಲಿ ಎಷ್ಟು ಚೆಂಡುಗಳು ಸೆಟ್ಟರ್ ನಿಂತಲ್ಲಿಗೇ ಬಂದು ಸೇರಿದವು ಎಂದು ವಾರಕ್ಕೊಮ್ಮೆ ಲೆಕ್ಕ ಬರೆದಿಡಿ, ಆ ಪುಸ್ತಕವನ್ನು ಮುಂದಿಟ್ಟುಕೊಂಡು ತರಬೇತುದಾರರೊಡನೆ ಮಾತನಾಡಿ.