ಮ್ಯಾಪ್ ಅದೇ, ಗೇಜಿನ ಅಂಕಿ ಮಾತ್ರ ಬೇರೆ

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿಗೆ 2022ರಲ್ಲಿ ದೊಡ್ಡ ಟರ್ಬೊ, ಇಂಟರ್‌ಕೂಲರ್ ಮತ್ತು ಇಂಜೆಕ್ಟರ್‌ಗಳನ್ನು ಹಾಕಿಸಿ, 1 ಬಾರ್ ಬೂಸ್ಟ್‌ಗೆ (ಟರ್ಬೊ ಗಾಳಿಯನ್ನು ತುಂಬುವ ಹೆಚ್ಚುವರಿ ಒತ್ತಡ) ಟ್ಯೂನ್ ಮಾಡಿಸಿದ್ದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ವೈಡ್‌ಬ್ಯಾಂಡ್ ಗೇಜ್ (ಹೊಗೆಯಲ್ಲಿನ ಆಮ್ಲಜನಕ ನೋಡಿ ಗಾಳಿ–ಇಂಧನದ ಅನುಪಾತ ತೋರಿಸುವ ಮೀಟರ್) ಉದ್ದಕ್ಕೂ 11.8 ತೋರಿಸುತ್ತಿತ್ತು. ಈಗ ಅದೇ ಮ್ಯಾಪ್‌ನಲ್ಲಿ (ಎಷ್ಟು ಇಂಧನ ಸುರಿಯಬೇಕೆಂದು ಎಂಜಿನ್ ಕಂಪ್ಯೂಟರಿನಲ್ಲಿ ಬರೆದಿಟ್ಟ ಪಟ್ಟಿ) 3,500 ಆರ್‌ಪಿಎಂನಲ್ಲಿ 12.3, 5,500 ದಾಟಿದ ಮೇಲೆ 13.1 ಬರುತ್ತಿದೆ. ನಿಧಾನವಾಗಿ ಓಡಿಸುವಾಗ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ತಾನಾಗಿ ಮಾಡುವ ಇಂಧನದ ತಿದ್ದುಪಡಿ) ಶೇ. 5ರಷ್ಟು ಹೆಚ್ಚಿರುತ್ತದೆ. ಮ್ಯಾಪ್‌ನಲ್ಲಿ ಎಲ್ಲೆಡೆ ಶೇ. 10ರಷ್ಟು ಇಂಧನ ಸೇರಿಸಿದರೆ ಸರಿಹೋಗುವುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಸೇರಿಸಬೇಡಿ. ಮೂರು ಅಂಕಿಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಕಾರಿಗಿರುವುದು ಒಂದಲ್ಲ, ಎರಡು ತೊಂದರೆ ಎಂಬುದನ್ನು ಅವೇ ಹೇಳುತ್ತಿವೆ.

ಮೊದಲನೆಯದು ಪೆಟ್ರೋಲಿಗೆ ಸಂಬಂಧಿಸಿದ್ದು. ನೀವು ಟ್ಯೂನ್ ಮಾಡಿಸಿದಾಗ ಬಂಕುಗಳಲ್ಲಿ ಸಿಗುತ್ತಿದ್ದ ಪೆಟ್ರೋಲಿನಲ್ಲಿ ಹೆಚ್ಚೆಂದರೆ ಶೇ. 10ರಷ್ಟು ಎಥನಾಲ್ ಇತ್ತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ. 20ರ ಮಿಶ್ರಣ ಈಗ ಎಲ್ಲೆಡೆ ಬಂದಿದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಇಟ್ಟುಕೊಂಡಿರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು: ಒಂದು ಕಿಲೋ ಶುದ್ಧ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಶೇ. 10ರ ಮಿಶ್ರಣಕ್ಕೆ 14.1, ಶೇ. 20ರದಕ್ಕೆ 13.5 ಕಿಲೋ ಮಾತ್ರ. ಅಂದರೆ ಎಂಜಿನ್ ಎಳೆದುಕೊಳ್ಳುವ ಅಷ್ಟೇ ಗಾಳಿಗೆ ಈಗ ಶೇ. 4ರಿಂದ 5ರಷ್ಟು ಹೆಚ್ಚು ಇಂಧನ ಕೊಡಬೇಕು. ನಿಧಾನವಾಗಿ ಓಡಿಸುವಾಗ ಇಸಿಯು (ಎಂಜಿನ್ ಕಂಪ್ಯೂಟರ್) ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಈ ಕೊರತೆಯನ್ನು ತಾನೇ ತುಂಬುತ್ತದೆ. ನೀವು ಕಂಡ ಶೇ. 5 ಅದೇ. ಪೂರ್ತಿ ಒತ್ತಿದಾಗ ಅದು ಸೆನ್ಸರಿನ ಮಾತು ಕೇಳದೆ ಮ್ಯಾಪ್‌ನಲ್ಲಿ ಬರೆದಷ್ಟನ್ನೇ ಸುರಿಯುವುದರಿಂದ 11.8 ಇದ್ದದ್ದು 12.3 ಆಗಿದೆ.

ಇಲ್ಲೊಂದು ಮಾತು. ಗೇಜ್ ನಿಜವಾಗಿ ಅಳೆಯುವುದು ಗಾಳಿ–ಇಂಧನದ ಅನುಪಾತವನ್ನಲ್ಲ, ಲ್ಯಾಂಬ್ಡಾವನ್ನು, ಅಂದರೆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಇದೆ ಎಂಬುದನ್ನು; ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಟ್ಯಾಂಕಿನಲ್ಲಿ ಯಾವ ಮಿಶ್ರಣವಿದ್ದರೂ ಅಷ್ಟೇ. ಹಾಗಾಗಿ ಗೇಜನ್ನು ಲ್ಯಾಂಬ್ಡಾ ತೋರಿಸುವಂತೆ ಬದಲಿಸಿಕೊಳ್ಳಿ. ನಿಮ್ಮ ಹಳೆಯ 11.8 ಎಂದರೆ 0.80; ಇಂಧನ ಬದಲಾದರೂ ಆ ಗುರಿ ಬದಲಾಗುವುದಿಲ್ಲ.

ಎರಡನೆಯ ತೊಂದರೆ ಗಂಭೀರವಾದದ್ದು. ಇಂಧನದ ಗುಣ ಬದಲಾದರೆ ಅದರ ಪರಿಣಾಮ ಎಲ್ಲ ಆರ್‌ಪಿಎಂಗಳಲ್ಲೂ ಒಂದೇ ಪ್ರಮಾಣದಲ್ಲಿ ಕಾಣಬೇಕು. ಆದರೆ ನಿಮ್ಮಲ್ಲಿ ಅದು 12.3ಕ್ಕೆ ನಿಲ್ಲದೆ ಮೇಲಕ್ಕೆ ಹೋದಂತೆ 13.1 ಆಗುತ್ತಿದೆ. ಹೆಚ್ಚು ಇಂಧನ ಬೇಕಾದ ಕಡೆ ಮಾತ್ರ ಕೊರತೆ ಬೀಳುತ್ತಿದೆಯೆಂದರೆ ಸರಬರಾಜೇ ಸೋಲುತ್ತಿದೆ ಎಂದರ್ಥ. ಲೆಕ್ಕ ಹಾಕಿದರೆ ಇಂಜೆಕ್ಟರ್‌ನಿಂದ ಶೇ. 6ರಷ್ಟು ಕಡಿಮೆ ಇಂಧನ ಬರುತ್ತಿದೆ; ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುವುದರಿಂದ, ಇಂಜೆಕ್ಟರ್‌ನ ಎರಡು ಬದಿಗಳ ನಡುವೆ 3 ಬಾರ್ ಇರಬೇಕಾದ ಒತ್ತಡ ಸುಮಾರು 2.65ಕ್ಕೆ ಇಳಿದಿದ್ದರೆ ಇಷ್ಟು ಕೊರತೆಗೆ ಅದೇ ಸಾಕು. ಬೂಸ್ಟ್ ಎದುರಿನಿಂದ ಒತ್ತುವುದರಿಂದ, 1 ಬಾರ್ ಬೂಸ್ಟ್ ಇರುವಾಗ ಇಂಧನದ ಪೈಪಿನಲ್ಲಿ 4 ಬಾರ್ ಇರಬೇಕು. ಮೀಟರ್ ಕಟ್ಟಿ, ಒತ್ತಡವನ್ನೂ ಬೂಸ್ಟನ್ನೂ ಒಟ್ಟಿಗೆ ದಾಖಲಿಸಿ ನೋಡಿ. 3.65ರ ಆಸುಪಾಸಿಗೆ ಇಳಿದರೆ ಮೊದಲು ಫಿಲ್ಟರ್, ಆಮೇಲೆ ಪಂಪಿಗೆ ಬರುವ ವೋಲ್ಟೇಜ್, ಕೊನೆಗೆ ಪಂಪ್. ಇಂಧನದ ಒತ್ತಡ ಕಾಯುವ ರೆಗ್ಯುಲೇಟರ್‌ನಿಂದ ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ಸಣ್ಣ ರಬ್ಬರ್ ಪೈಪು ಬಿರಿದಿದ್ದರೂ ಹೀಗಾಗುತ್ತದೆ, ಹತ್ತು ನಿಮಿಷದಲ್ಲಿ ಪತ್ತೆಯಾಗುವ ದೋಷವದು. ಒತ್ತಡ ಕದಲದೆ ನಿಂತಿದ್ದರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ನೋಡಿ: 6,000 ಆರ್‌ಪಿಎಂನಲ್ಲಿ ಎಂಜಿನ್ನಿನ ನಾಲ್ಕು ಹಂತಗಳ ಒಂದು ಚಕ್ರಕ್ಕೆ, ಅಂದರೆ ಎರಡು ಸುತ್ತಿಗೆ, ಸಿಗುವುದು 20 ಮಿಲಿಸೆಕೆಂಡ್ ಮಾತ್ರ, ಅದರಲ್ಲಿ 17 ದಾಟಿದ್ದರೆ ಇಂಜೆಕ್ಟರೇ ಸಾಲದು.

ಸೋತ ಪಂಪಿನ ಮೇಲೆ ಶೇ. 10 ಹೆಚ್ಚು ಕೇಳಿದರೆ ಒತ್ತಡ ಇನ್ನಷ್ಟು ಕುಸಿಯುತ್ತದೆ, ಕೆಳಗಿನ ಆರ್‌ಪಿಎಂಗಳಲ್ಲಿ ಮಾತ್ರ ಮಿಶ್ರಣ ಅನಗತ್ಯವಾಗಿ ರಿಚ್ (ಇಂಧನ ಹೆಚ್ಚು) ಆಗುತ್ತದೆ. ಹೆಚ್ಚುವರಿ ಇಂಧನ ಆವಿಯಾಗುತ್ತಾ ಸಿಲಿಂಡರನ್ನು ತಂಪು ಮಾಡಿ ನಾಕಿಂಗ್ (ಇಂಧನ ಅಕಾಲದಲ್ಲಿ ತಾನಾಗಿ ಸಿಡಿಯುವುದು) ತಡೆಯುತ್ತದೆ. ಆ ರಕ್ಷಣೆ ಬೂಸ್ಟ್ ಪೂರ್ತಿ ಇರುವಾಗ ತಪ್ಪಿದರೆ ಪಿಸ್ಟನ್‌ಗೇ ಅಪಾಯ. ಎಥನಾಲಿನಿಂದ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಹೆಚ್ಚುತ್ತದಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ, ಆದರೆ ಮಿಶ್ರಣ ಇಷ್ಟು ಲೀನ್ (ಇಂಧನ ಕಡಿಮೆ) ಆದಾಗ ಆ ಲಾಭವನ್ನು ನೆಚ್ಚಿಕೊಳ್ಳಲಾಗದು. ಸರಬರಾಜು ಸರಿಯಾಗುವವರೆಗೆ ಬೂಸ್ಟ್ ಇಳಿಸಿ ಓಡಿಸಿ. ಆಮೇಲೆ ಪೂರ್ತಿ ಒತ್ತುವ ಭಾಗಕ್ಕೆ ಶೇ. 4ರಿಂದ 5 ಸೇರಿಸಿದರೆ ಸಾಕಾಗಬೇಕು.

ಪ್ರಶ್ನೆ: ವೈಡ್‌ಬ್ಯಾಂಡ್ ಸೆನ್ಸರನ್ನು ಟರ್ಬೊಗಿಂತ ಮೊದಲು ಕೂರಿಸಿದರೆ ಹೆಚ್ಚು ನಿಖರವೇ?
– ಇನ್ನೊಬ್ಬರು, ಮಂಗಳೂರು

ಉತ್ತರ: ಇಲ್ಲ. ಅಲ್ಲಿನ ಶಾಖ ಸೆನ್ಸರನ್ನು ಸುಡುತ್ತದೆ, ಒತ್ತಡ ಅಳತೆಯನ್ನು ಕೆಡಿಸುತ್ತದೆ. ಟರ್ಬೊ ದಾಟಿದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು, ನೀರಿನ ಹನಿ ನಿಲ್ಲದಂತೆ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸಿ. ಸೆನ್ಸರಿಗಿಂತ ಮೊದಲಿನ, ಎಂಜಿನ್ ಕಡೆಯ ಎಕ್ಸಾಸ್ಟ್ ಜೋಡಣೆಯಲ್ಲಿ ಸೋರಿಕೆಯಿದ್ದರೆ ಅಥವಾ ಪ್ಲಗ್ ಕಿಡಿ ಹಾರಿಸದೆ ಮಿಸ್‌ಫೈರ್ ಆಗುತ್ತಿದ್ದರೆ, ಉರಿಯದ ಆಮ್ಲಜನಕ ಸೆನ್ಸರಿಗೆ ತಾಗಿ, ಮಿಶ್ರಣ ರಿಚ್ ಇದ್ದರೂ ಗೇಜ್ ಲೀನ್ ಎಂದೇ ತೋರಿಸುತ್ತದೆ.