ಪ್ರೆಸ್ಸಿನ ಮುಂದೆ ನಡುಗುವ ಕೈ

(ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಕೆಲವು ವರ್ಷಗಳ ಹಿಂದಿನ ಪ್ರಕರಣ.)

ಬಸಣ್ಣನನ್ನು ನನ್ನ ಬಳಿ ಸಮಾಲೋಚನೆಗೆ ಕರೆತಂದದ್ದು ಹೆಂಡತಿ. ಮೂವತ್ತರ ಆಸುಪಾಸಿನ ವಯಸ್ಸು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ (ತಗಡನ್ನು ಅಚ್ಚಿನಲ್ಲಿ ಒತ್ತುವ ಯಂತ್ರ) ಆಪರೇಟರ್. ಐದು ವಾರದಿಂದ ನಿದ್ದೆಯಿಲ್ಲ, ಊಟ ಸೇರದು. “ನಿದ್ದ್ಯಾಗ ಬಲಗಾಲು ಒತ್ತತಾರ್ರಿ ಮೇಡಂ, ಗಬಕ್ಕನ ಎರಡೂ ಕೈ ಎದೀಗೆ ಎಳ್ಕೊಂತಾರ್ರಿ” ಅಂದರು ಆಕೆ.

“ಭಯದ ಕಾಯಿಲೆ, ತೋರಿಸ್ಕೊಂಡು ಬಾ” ಎಂದು ಸೂಪರ್‌ವೈಸರ್ ಕಳಿಸಿದ್ದರಂತೆ. ನಾನೂ ಅದನ್ನೇ ನಂಬಿ ಮೊದಲ ದಿನ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿಬಿಟ್ಟೆ. ಮೆಷಿನ್ನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎರಡನೇ ಸಲ ಹಾಳೆ, ಪೆನ್ಸಿಲ್ ಕೊಟ್ಟು “ನಿಮ್ಮ ಮೆಷಿನ್ ಬರೆದು ತೋರಿಸಿ” ಅಂದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಮನುಷ್ಯ ಮೇಷ್ಟರಾದ. ಮೇಲೆ ತಿರುಗುವ ಭಾರದ ಚಕ್ರ ಫ್ಲೈವೀಲ್, ನಡುವೆ ಏಟು ಹಾಕುವ ರ್‍ಯಾಮ್, ಕೆಳಗೆ ಡೈ ಅಂದರೆ ಅಚ್ಚು, ಕಾಲ ಬಳಿ ಪೆಡಲ್. ಪೆಡಲ್ ಒತ್ತಿದರೆ ಕ್ಲಚ್ಚಿನ ಪಿನ್ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿತೆಂದರೆ ರ್‍ಯಾಮ್ ಕೆಳಗಿಳಿದೇ ಮೇಲೇರಬೇಕು, ನಡುವೆ ನಿಲ್ಲಿಸುವಂತಿಲ್ಲ. ಪಿನ್ನೋ ಸ್ಪ್ರಿಂಗೋ ಸವೆದಿದ್ದರೆ, ಕಾಲು ತೆಗೆದ ಮೇಲೂ ಇನ್ನೊಂದು ಏಟು ಬೀಳುತ್ತದೆ. ಅದಕ್ಕೆ ಅವರು ‘ಡಬಲ್ ಸ್ಟ್ರೋಕ್’ ಅನ್ನುತ್ತಾರೆ. ಪೀಸ್ ತೆಗೆಯಲು ಕೈ ಒಳಗೆ ಹೋಗುವುದು ಸರಿಯಾಗಿ ಆಗಲೇ.

ಡೈ ಪಕ್ಕದಲ್ಲಿ ನಾಲ್ಕು ಸಣ್ಣ ಸೊನ್ನೆ ಸುತ್ತಿದ್ದ. ಏನಿವು ಎಂದೆ. “ಕೈ ಒಳಗೆ ಹೋಗದ ಹಾಗೆ ಗಾರ್ಡ್ ಇತ್ತು ಮೇಡಂ. ಪೀಸ್ ಹೊರಗೆ ತೆಗಿಯೋಕೆ ಲೇಟಾಗುತ್ತೆ, ಟಾರ್ಗೆಟ್ ಆಗಲ್ಲ ಅಂತ ಬಿಚ್ಚಿದ್ರು. ಬೋಲ್ಟಿನ ತೂತು ಅಷ್ಟೇ ಉಳಿದಿದೆ.”

ಆಮೇಲೆ ಉಳಿದದ್ದೂ ಬಂತು. ಅಪಘಾತವಾದ ದಿನ ಬಸಣ್ಣ ಅರ್ಧ ದಿನ ರಜೆ ಹಾಕಿದ್ದ. ಅವನ ಮೆಷಿನ್ನಿಗೆ ಕೂತ ಹುಡುಗನ ಮೂರು ಬೆರಳು ಹೋದವು. ಡಬಲ್ ಸ್ಟ್ರೋಕ್ ಬೀಳುತ್ತದೆಂದು ಬಸಣ್ಣ ಅದಕ್ಕೂ ಮೊದಲು ಎರಡು ಸಲ ಹೇಳಿದ್ದನಂತೆ. “ಹುಷಾರಾಗಿ ಮಾಡು” ಎಂಬುದಷ್ಟೇ ಸಿಕ್ಕ ಉತ್ತರ.

ನಾನು ಅವನಿಗೆ ಹೇಳಿದ್ದು ಇಷ್ಟು. ಭಯ ಬಿಡಿ ಎಂದು ನಾನು ಹೇಳುವುದಿಲ್ಲ, ಆ ಮೆಷಿನ್ ಹಾಗಿರುವವರೆಗೆ ನಿಮ್ಮ ಕೈ ಹಿಂದೆ ಸರಿಯುವುದೇ ಸರಿ. ನಾವು ಚಿಕಿತ್ಸೆ ಕೊಡಬೇಕಾದದ್ದು ನಿದ್ದೆಗೆ, ಮತ್ತು ‘ನನ್ನಿಂದಲೇ ಆಯಿತು’ ಎಂಬ ಕೊರಗಿಗೆ. ಅದಕ್ಕೆ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಹೇಳಿದೆ. ಗಾರ್ಡ್ ಬರುವವರೆಗೆ ಬೇರೆ ಕೆಲಸ ಕೊಡಿ ಎಂದು ಬರಹದಲ್ಲಿ ಕೇಳಿ, ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ ಅಂದೆ. ಬಾಯಿಮಾತಿಗೆ ಸಾಕ್ಷಿಯಿಲ್ಲ, ಎರಡು ಸಲ ಹೇಳಿದ್ದರ ಗತಿ ನೋಡಿದೆವಲ್ಲ.

ಅವನಿಗೆ ಗೊತ್ತಿರದ ಸಂಗತಿಗಳೂ ಇದ್ದವು. ಯಂತ್ರದ ಅಪಾಯದ ಭಾಗಕ್ಕೆ ಭದ್ರ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ವಿಧಿಸಿತ್ತು. ರಕ್ಷಣೆ ಸಾಲದೆಂದು ಕಾರ್ಮಿಕನೇ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ನೇರವಾಗಿ ಹೇಳಬಹುದಿತ್ತು, ದೂರು ಕೊಟ್ಟವರು ಯಾರೆಂಬುದನ್ನು ಅವರು ಗುಟ್ಟಾಗಿಡಬೇಕಿತ್ತು. “ನಲವತ್ತು ಜನರಲ್ಲಿ ಯಾರಂತ ಗೊತ್ತಾಗದೆ ಇರುತ್ತಾ ಮೇಡಂ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಆ ಹುಡುಗನನ್ನು ನೋಡಿಬನ್ನಿ ಎಂದೂ ಹೇಳಿದ್ದೆ. ಹಿಂದೇಟು ಹಾಕಿದ, ಕೊನೆಗೆ ಹೋದ. ಇಎಸ್‌ಐನಿಂದ (ಕಾರ್ಮಿಕರ ರಾಜ್ಯ ವಿಮೆ) ಸಂಬಳದ ಶೇ. 90ರಷ್ಟು ಬರಬೇಕಿದ್ದ ಹಣಕ್ಕೆ ಆ ಮನೆಯವರು ಅರ್ಜಿಯನ್ನೇ ಹಾಕಿರಲಿಲ್ಲ. ಕಾಗದಪತ್ರಕ್ಕೆ ಬಸಣ್ಣನೇ ಓಡಾಡಿದ. ನಿದ್ದೆ ಸುಧಾರಿಸಿದ್ದು ಆಮೇಲೆ. ಅದಕ್ಕೆ ಮಾತ್ರೆ ಕಾರಣವೋ ಓಡಾಟವೋ ಹೇಳಲಾರೆ.

ನಾಲ್ಕನೇ ಭೇಟಿಗೆ ಬಂದಾಗ ಪ್ಯಾಕಿಂಗ್ ವಿಭಾಗದಲ್ಲಿದ್ದ, ಓಟಿ ಹಣ ಕಡಿಮೆಯಾಗಿತ್ತು. ಹಳೆಯ ಪ್ರೆಸ್ಸಿಗೆ ಗಾರ್ಡ್ ಬಂದಿದೆ, ಪೆಡಲ್ ತೆಗೆದು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತುವ ಬಟನ್ ಹಾಕಿದ್ದಾರೆ ಎಂದ. ಪಕ್ಕದ ಎರಡು ಪ್ರೆಸ್ ಹಾಗೇ ಇವೆಯಂತೆ. ಕಾರ್ಖಾನೆಗಳ ಇಲಾಖೆಗೆ ಬರೆದ ದೂರಿನ ಪತ್ರ ಇನ್ನೂ ಅವನ ಶರ್ಟಿನ ಜೇಬಿನಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ.