ಸಂಪಾದಕರ ಉತ್ತರ: ಫೆಟಲ್ ಸತ್ತಿಲ್ಲ ಸ್ವಾಮಿ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: 'ಇಂಗ್ಲಿಷಿನಲ್ಲಿ ಫೆಟಲ್ ಅಂತ ಹಳೇ ಹಳ್ಳಿ ಪದವೊಂದಿದೆಯಂತೆ. ರಿಪೇರಿ ಮಾಡು, ಶುಚಿ ಮಾಡು, ಹೊಡೆ, ಎಲ್ಲಕ್ಕೂ ಅದೇ. ಇಂಥ ಗೊಂದಲದ ಪದ ಸತ್ತದ್ದೇ ಒಳ್ಳೆಯದಲ್ವಾ?'

ಕೋರ್ಟಿನ ಕಾಗದದಲ್ಲಿ, ಔಷಧಿ ಚೀಟಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಒಪ್ಪಿದೆ. ಆದರೆ ಫೆಟಲ್ ಬೆಳೆದದ್ದು ಉತ್ತರ ಇಂಗ್ಲೆಂಡಿನ ದುಡಿಯುವವರ ಬಾಯಲ್ಲಿ. ಹಳೇ ಇಂಗ್ಲಿಷಿನಲ್ಲಿ ಅದರ ಮೂಲ ಪದಕ್ಕೆ ಸೊಂಟಪಟ್ಟಿ ಅಂತ ಅರ್ಥ. ಟೊಂಕ ಕಟ್ಟಿ ನಿಂತ ಮೇಲೆ ಕೆಲಸ ಒಂದೇ ಎರಡೇ? ಯಾರ್ಕ್‌ಶೈರ್‌ನಲ್ಲಿ ಮನೆ ಒಪ್ಪ ಮಾಡಿದರೂ ಫೆಟಲ್. ಮಿಲ್ಲಿನಲ್ಲಿ ಉಣ್ಣೆ ಹಿಂಜುವ ಕಾರ್ಡಿಂಗ್ ಯಂತ್ರದ ಹಲ್ಲಿಗೆ ಸಿಕ್ಕಿದ ಉಣ್ಣೆ ಕಸ ತೆಗೆಯುವವನು ಫೆಟ್ಲರ್. ಪಾಟರಿಯಲ್ಲಿ, ಅಚ್ಚಿನಿಂದ ತೆಗೆದ ಮಣ್ಣಿನ ಕಪ್ಪಿನ ಮೇಲೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಉಳಿದಿರುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಒದ್ದೆ ಸ್ಪಂಜಿನಿಂದ ಸವರಿ, ಆಮೇಲೆ ಸುಡುವ ಗೂಡಿಗೆ ಇಡುವುದು. ಅದೂ ಫೆಟಲ್. ಆಸ್ಟ್ರೇಲಿಯಾದಲ್ಲಿ ರೈಲು ಹಳಿ ನೋಡಿಕೊಳ್ಳುವವನು ಫೆಟ್ಲರ್. ಇನ್ನು ಹೊಡೆಯುವುದು? 'ನಿನ್ನ ರಿಪೇರಿ ಮಾಡ್ತೀನಿ ಇರು' ಅಂತ ಯಾರಾದರೂ ಅಂದರೆ ನೀವು ಸ್ಪ್ಯಾನರ್ ಹುಡುಕುತ್ತೀರಾ?

ಸತ್ತಿದೆ ಅನ್ನುವುದೂ ಸುಳ್ಳು. ಬೆಳಗಾವಿಯ ಫೌಂಡ್ರಿಗೆ ಹೋಗಿ ಕೇಳಿ. ಮರಳಿನ ಅಚ್ಚಿನಿಂದ ಬಂದ ಎರಕದ ಹೆಚ್ಚುವರಿ ಕಬ್ಬಿಣ ಮುರಿದು, ಗ್ರೈಂಡರ್ ಹಿಡಿಯುವ ಕೆಲಸಕ್ಕೆ ಅಲ್ಲಿ ಫೆಟ್ಲಿಂಗ್ ಅಂತಲೇ ಹೆಸರು.

ಇಂಥ ಪದಗಳನ್ನು ಕೂಡಿಹಾಕಿದ ಜೋಸೆಫ್ ರೈಟ್ ನಿಮಗೆ ಗೊತ್ತಿರಬೇಕಿತ್ತು. ಹುಟ್ಟಿದ್ದು 1855ರಲ್ಲಿ, ಬ್ರಾಡ್‌ಫರ್ಡ್ ಹತ್ತಿರ. ಆರನೇ ವಯಸ್ಸಿಗೇ ಕಲ್ಲುಕ್ವಾರಿಯಲ್ಲಿ ಕತ್ತೆಗಾಡಿ ಹೊಡೆದ. ಆಮೇಲೆ ಮಿಲ್ಲು ಸೇರಿದ. ಹದಿನೈದಾದರೂ ಪೇಪರ್ ಓದಲು ಬರುತ್ತಿರಲಿಲ್ಲ. ಅಂಥವನು ಆಕ್ಸ್‌ಫರ್ಡ್ ಪ್ರೊಫೆಸರ್ ಆದ. 1898ರಿಂದ 1905ರವರೆಗೆ ಇಂಗ್ಲಿಷ್ ಉಪಭಾಷೆಗಳ ನಿಘಂಟನ್ನು ಆರು ಸಂಪುಟಗಳಲ್ಲಿ ತಂದ. ಮಿಲ್ಲಿನ ಮಾತು ಕೇಳಿ ಬೆಳೆದವನಿಗೆ ಯಾವ ಪದವೂ ಕಸ ಅನಿಸಲಿಲ್ಲ.

ನಮ್ಮಲ್ಲಿ ನೋಡಿ, ಪದಕೋಶದ ಮೀಟಿಂಗ್ ಅಂದರೆ ಏಸಿ ರೂಮು, ಗೋಡಂಬಿ ತಟ್ಟೆ. ಮಗ್ಗದವರು, ಗಾರೆಯವರು ಆಡುವ ಮಾತನ್ನು 'ಅಶುದ್ಧ' ಅಂತ ಬದಿಗಿಟ್ಟು, ಯಾರೂ ಬಳಸದ ಸಂಸ್ಕೃತ ಪದ ಟಂಕಿಸುತ್ತಾರೆ. ಅದಕ್ಕೆ ಜಾಸ್ತಿ ಗೌರವ ಬೇರೆ!

ನಿಮಗೆ ಹೇಗೂ ಕುತೂಹಲ ಇದೆ. ಸುಮ್ನೆ ಹೊಗಳುತ್ತಿಲ್ಲ. ಒಂದು ವಾರ ಕೊಬ್ಬರಿ ಸುಲಿಯುವವರ ಹತ್ತಿರ ಕೂತು, ಅವರ ಮಾತುಗಳನ್ನು ಅರ್ಥದ ಸಮೇತ ಬರೆದು ಕಳಿಸಿ. ಸಿನಿಮಾ ಪುಟ ಕತ್ತರಿಸಿಯಾದರೂ ಜಾಗ ಕೊಡುತ್ತೇನೆ.